ರೊಟ್ಟಿ ಹಂಚು, ಹಸಿರು ಗೆರೆ

ನಮ್ಮ ಶೆಡ್ಡಿನಲ್ಲಿ ನಗೋ ಹಂಗಿರೋದು ಏನಾದರೂ ವಾರಕ್ಕೊಂದು ಆಗೇ ಆಗುತ್ತೆ. ಯಾರೂ ಬೇಕಂತ ಮಾಡೋದಲ್ಲ. ಕಬ್ಬಿಣ ತನ್ನ ಪಾಡಿಗೆ ತಾನು ಬಿದ್ದಿರುತ್ತೆ. ಸುತ್ತ ನಿಂತ ನಾವೇ ಏನಾದರೂ ಮಾಡಿಕೊಳ್ತೀವಿ.

ಶೆಡ್ಡು ಇರೋದು ಹರಿಹರದಲ್ಲಿ. ಮನೆ ದಾವಣಗೆರೆ ಆನೆಕೊಂಡದಲ್ಲಿ. ಮೂವತ್ತೊಂದು ವರ್ಷದಿಂದ ಬೆಳಿಗ್ಗೆ ಬಸ್ಸಿಗೆ ಹೋಗೋದು, ಸಂಜೆ ಬಸ್ಸಿಗೆ ಬರೋದು. ನನ್ನ ಕೆಲಸ ಕ್ರ್ಯಾಕ್ ಟೆಸ್ಟಿಂಗ್. ಟ್ರ್ಯಾಕ್ಟರಿನ ಕ್ರ್ಯಾಂಕು, ಲಾರಿ ಆಕ್ಸಲ್ಲು, ಗೇರು, ಇಂಥವು ಬರುತ್ತವೆ. ಮೇಲೆ ನೋಡಿದರೆ ಥಳಥಳ ಅಂತಿರುತ್ತವೆ. ಕಣ್ಣಿಗೆ ಕಾಣದ ಬಿರುಕು ಇದೆಯೋ ಇಲ್ಲವೋ ಅಂತ ನಾನು ಹೇಳಬೇಕು. ಕಬ್ಬಿಣಕ್ಕೆ ಕರೆಂಟು ಕೊಟ್ಟು ಅದನ್ನೇ ಅಯಸ್ಕಾಂತ ಮಾಡ್ತೀವಿ. ಮೇಲೆ ಹೊಳೆಯೋ ಬಣ್ಣ ಹಚ್ಚಿದ ಕಬ್ಬಿಣದ ನುಣ್ಣನೆ ಪುಡಿ ಕಲಸಿದ ಎಣ್ಣೆ ಹುಯ್ತೀವಿ. ಬಿರುಕು ಇದ್ದ ಕಡೆ ಪುಡಿ ಹೋಗಿ ಅಂಟಿಕೊಳ್ಳುತ್ತೆ. ಕರಿ ಪರದೆ ಹಾಕಿದ ಕೋಣೆಯಲ್ಲಿ ನೇರಳೆ ದೀಪ ಹಿಡಿದರೆ ಆ ಗೆರೆ ಹಸಿರಾಗಿ ಹೊಳೆಯುತ್ತೆ. ಕೂದಲಷ್ಟು ದಪ್ಪ. ಅಷ್ಟೇ ಕೆಲಸ. ನಾನು ಓದಿದ್ದು ಏಳನೇ ಕ್ಲಾಸು. ಗೆರೆ ನೋಡೋಕೆ ಅಷ್ಟು ಸಾಕಾಯಿತು.

ನಮ್ಮಾಕೆ ತೀರಿಕೊಂಡು ಹನ್ನೊಂದು ತಿಂಗಳಾಯಿತು. ಅವಳಿಗೂ ನನಗೂ ಇದ್ದದ್ದು ಒಂದೇ ಜಗಳ. ಮದುವೆಯಾದ ಮೊದಲನೇ ತಿಂಗಳು ಶುರುವಾಗಿದ್ದು ಕೊನೇವರೆಗೂ ಮುಗಿಯಲಿಲ್ಲ. ರೊಟ್ಟಿ ಹಂಚಿನ ಜಗಳ. ಹಂಚು ಒಡೆದೈತೆ ಅಂತ ಅವಳು. ಇಲ್ಲ ಅಂತ ನಾನು. ಶೆಡ್ಡಿಗೆ ಒಯ್ದು ನೋಡಿದ್ದರೆ ಹತ್ತು ನಿಮಿಷದ ಕೆಲಸ. ನಾನು ಒಯ್ಯಲಿಲ್ಲ.

ಈಗ ಹಂಚು ಅಡುಗೆಮನೆ ಗೂಡಿನಲ್ಲಿದೆ. ಅವಳಿಲ್ಲ. ನೋಡಬೇಕೋ ಬೇಡವೋ ಅಂತ ಹನ್ನೊಂದು ತಿಂಗಳು ಯೋಚನೆ ಮಾಡಿದೆ. ಅವಳು ಹೇಳಿದ್ದು ನಿಜ ಆಗಿದ್ದರೆ ನಾನು ಮೂವತ್ತು ವರ್ಷ ಅವಳನ್ನು ಸುಮ್ಮಸುಮ್ಮನೆ ಅಂದಂಗಾಯಿತು. ನಾನು ಹೇಳಿದ್ದು ನಿಜ ಆಗಿದ್ದರೆ, ಗೆದ್ದೆ ಅಂತ ಯಾರಿಗೆ ಹೇಳೋದು.

ಅದು ಕೊನೆಗೆ ಬರುತ್ತೆ. ಮೊದಲಿಂದ ಹೇಳ್ತೀನಿ.

೧. ಹೆಣ್ಣು ನೋಡಿದ್ದು

ಹೆಣ್ಣು ನೋಡೋಕೆ ಸಾರಥಿ ಅನ್ನೋ ಊರಿಗೆ ಹೋಗಿದ್ವಿ. ನಾನು, ನಮ್ಮ ಸೋದರಮಾವ. ಅವಲಕ್ಕಿ ಕೊಟ್ಟರು. ಹುಡುಗಿ ಅಪ್ಪ ಕೇಳಿದರು.

"ಹುಡುಗ ಏನ್ ಕೆಲಸ ಮಾಡ್ತಾನ್ರಿ?"

ನನಗೆ ಮಾತು ಬರಲ್ಲ. ಮಾವನೇ ಹೇಳಿದ. "ಯಾರ ಕಣ್ಣಿಗೂ ಕಾಣದಿರೋ ದೋಷ ಹುಡುಕಿ ತೆಗೀತಾನ್ರಿ. ಒಂದೂ ಬಿಡಲ್ಲ."

ಅವನು ಜಂಬಕ್ಕೆ ಹೇಳಿದ್ದು. ಹುಡುಗಿ ಅಪ್ಪ ಕೈಯಲ್ಲಿದ್ದ ಅವಲಕ್ಕಿ ತಟ್ಟೆಗೆ ವಾಪಸ್ ಹಾಕಿದರು. ಕಂಬಕ್ಕೆ ಒರಗಿ ಕೂತಿದ್ದ ಅಜ್ಜಿ ಒಳಗಿನವರಿಗೆ ಕೂಗಿ ಹೇಳಿದಳು.

"ಹುಡುಗಿ ಈಗ್ಲೇ ಬರೋದು ಬ್ಯಾಡ. ಸ್ವಲ್ಪ ತಡೀರಿ."

ಅವತ್ತು ನಾನು ಆಡಿದ್ದು ಒಂದೇ ಮಾತು. "ಕಬ್ಬಿಣದ್ದು ಅಷ್ಟೇ ಅಜ್ಜಿ."

ಮದುವೆ ಆಯಿತು. ಆಮೇಲೊಂದು ದಿನ ಅವಳನ್ನು ಕೇಳಿದೆ, ಅಷ್ಟು ಹೆದರಿದೋರು ಹೆಂಗೆ ಒಪ್ಪಿದರು ಅಂತ.

"ಅವರೆಲ್ಲಿ ಒಪ್ಪಿದ್ರು. ನಾ ಒಪ್ಪಿದೆ" ಅಂದಳು. "ಕಿಟಕಿ ಹಿಂದೆ ನಿಂತ್ಕಂಡು ನಿಮ್ಮನ್ನ ನಾನೇ ಟೆಸ್ಟ್ ಮಾಡಿದೆ. ಒಂದೇ ದೋಷ ಸಿಕ್ತು. ಬಾಯಲ್ಲಿ ಮಾತಿಲ್ಲ. ರಿಪೇರಿ ಆಗೋದಲ್ಲ ಅಂತ ಗೊತ್ತಾಯ್ತು. ಆದ್ರೂ ಪಾಸ್ ಮಾಡಿದೆ."

೨. ಹಂಚು ತಂದಿದ್ದು

ಹೊಸ ಸಂಸಾರಕ್ಕೆ ರೊಟ್ಟಿ ಹಂಚು ಬೇಕು ಅಂದಳು. ನಾನೂ ಬರ್ತೀನಿ ಅಂದಳು. ಕಬ್ಬಿಣ ಅಂದ ಮೇಲೆ ನನ್ನ ಇಲಾಖೆ, ನೀ ಯಾಕ ಅಂದೆ. ಒಬ್ಬನೇ ಪೇಟೆಗೆ ಹೋದೆ.

ಅಂಗಡಿಯಲ್ಲಿದ್ದ ಹಂಚನ್ನೆಲ್ಲಾ ಇಳಿಸಿದೆ. ಒಂದೊಂದನ್ನೂ ಬಿಸಿಲಿಗೆ ಹಿಡಿದೆ, ತಿರುಗಿಸಿದೆ, ಅಂಚಿಗೆ ಉಗುರು ಎಳೆದೆ. ಅರ್ಧ ಗಂಟೆ ಆಯಿತು. ಅಂಗಡಿಯವನು ಚಾ ಕುಡಿದು ಬಂದು ಇನ್ನೂ ಅಲ್ಲೇ ನಿಂತಿದ್ದ ನನ್ನನ್ನು ನೋಡಿದ.

"ಯಜಮಾನ್ರೇ, ಹಂಚು ತಗಳಾಕೆ ಬಂದೀರಾ, ಸಂಬಂಧ ನೋಡಾಕೆ ಬಂದೀರಾ?"

ಎಲ್ಲದಕ್ಕಿಂತ ಒಳ್ಳೇದು ಅಂತ ಒಂದನ್ನು ಆರಿಸಿ ತಂದೆ. ಅವಳು ಎರಡು ಬೆರಳಲ್ಲಿ ಅದರ ಕಿವಿ ಹಿಡಿದು ಎತ್ತಿದಳು. ಇನ್ನೊಂದು ಕೈ ಗಿಣ್ಣಿನಿಂದ ಬಡಿದಳು. ತನ್ನ ಕಿವಿ ಹತ್ತಿರ ತಂದಳು.

"ಇದು ಒಡೆದೈತೆ ನೋಡ್ರಿ."

"ಎಲ್ಲಿ? ತೋರ್ಸು."

"ಕಾಣಲ್ಲ. ಕೇಳ್ರಿ. ಡಣ್ ಅನ್ನಬೇಕು. ಇದು ಡಡ್ ಅಂತೈತೆ."

"ಕ್ರ್ಯಾಕ್ ಟೆಸ್ಟಿಂಗ್ ಮಾಡೋನು ನಾನೋ ನೀನೋ?"

"ಕೆಲಸ ನಿಮ್ದೇ. ಕಿವಿ ನಂದು."

ಒಂದು ವಾರಕ್ಕೆ ಹೇಳಿದಳು, ರೊಟ್ಟಿ ಒಂದೇ ಕಡೆ ಸೀಯ್ತೈತೆ ಅಂತ. ನಿನ್ನ ಕೈ ಸರಿ ಇಲ್ಲ ಅಂದೆ. ಆ ಮಾತು ನಾನು ಆಡಬಾರದಿತ್ತು. ಒಂದು ಸಲ ಅಲ್ಲ, ಎಷ್ಟೋ ಸಲ ಅಂದೆ. ಅವಳು ತಿರುಗಿ ಏನೂ ಅಂತಿರಲಿಲ್ಲ. ಆದರೆ ಅವತ್ತಿಂದ ತಟ್ಟೆಗೆ ಬಿದ್ದ ಪ್ರತಿ ರೊಟ್ಟಿಯಲ್ಲೂ ಆ ಕರೀ ಮಚ್ಚೆ ಕರೆಕ್ಟಾಗಿ ನನ್ನ ಕಡೆಗೇ ತಿರುಗಿರ್ತಿತ್ತು.

೩. ವಾಚು

ಹೆಣ್ಣು ಕೊಟ್ಟ ಮಾವನವರು ಮದುವೆಯಲ್ಲಿ ವಾಚು ಕೊಟ್ಟಿದ್ದರು. ಕೀಲಿ ಕೊಡೋದು. ಕಟ್ಟಿಕೊಂಡೇ ಕೆಲಸ ಮಾಡ್ತಿದ್ದೆ. ಕಬ್ಬಿಣಕ್ಕೆ ಅಯಸ್ಕಾಂತ ಹತ್ತಿಸೋ ಕಾಯಿಲ್ ಹತ್ತಿರ ವಾಚು ಒಯ್ಯಬಾರದು ಅಂತ ನನಗೆ ಗೊತ್ತಿರಲಿಲ್ಲ. ವಾಚಿನ ಒಳಗಿನ ಸ್ಪ್ರಿಂಗಿಗೆ ಅಯಸ್ಕಾಂತ ಹತ್ತಿತು. ವಾಚು ಓಡೋಕೆ ಶುರು ಮಾಡಿತು. ಸಂಜೆ ಶೆಡ್ಡಿನ ಗಡಿಯಾರ ನೋಡಿ ಸರಿ ಮಾಡಿಟ್ಟರೆ ಬೆಳಿಗ್ಗೆ ಅರ್ಧ ಗಂಟೆ ಮುಂದೆ ಇರ್ತಿತ್ತು.

ಮನೆಯಲ್ಲಿ ಬೇರೆ ಗಡಿಯಾರ ಇಲ್ಲ. ಅವಳು ಇನ್ನೂ ಮಬ್ಬಿರೋವಾಗಲೇ ಎದ್ದು ರೊಟ್ಟಿ ಬಡೀತಿದ್ದಳು. "ಹರಿಹರದಾಗ ಹೊತ್ತು ಬ್ಯಾರೆ ಹುಟ್ತೈತೇನ್ರಿ?" ಅಂತಿದ್ದಳು.

ನಾನು ದಿನಾ ಎಲ್ಲರಿಗಿಂತ ಮೊದಲು ಶೆಡ್ಡಿಗೆ. ಫೋರ್‌ಮನ್ ಎಲ್ಲರನ್ನೂ ಸೇರಿಸಿ ಹೇಳಿದರು. "ಇವನ್ನ ನೋಡಿ ಕಲೀರಿ. ಮದುವೆ ಆಗಿ ಎರಡು ತಿಂಗಳಾಗಿಲ್ಲ. ಅರ್ಧ ಗಂಟೆ ಮುಂಚೆ ಬರ್ತಾನೆ."

ಉಳಿದವರಿಗೆ ಬೇರೆ ಅನುಮಾನ. ಲೇತ್ ಮಷಿನ್ನಿನ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈ ಇಟ್ಟರು. "ಮನೆಯಾಗ ಏನಾದ್ರೂ ತೊಂದ್ರೆ ಐತೇನಪ್ಪಾ? ಹೇಳು. ಮೊದಮೊದಲು ಹಂಗೇ ಇರ್ತೈತೆ. ಮನೆ ಬಿಟ್ಟು ಓಡಿ ಬರಬಾರದು."

ಕೊನೆಗೆ ವಾಚ್ ರಿಪೇರಿಯವನು ಹೇಳಿದ, ಇದಕ್ಕೆ ಅಯಸ್ಕಾಂತ ಹತ್ತೈತೆ ಅಂತ. ಶೆಡ್ಡಿನಲ್ಲಿ ಅಯಸ್ಕಾಂತ ಇಳಿಸೋ ಕಾಯಿಲ್ಲೇ ಇತ್ತು. ಅದರಲ್ಲಿ ಹಾಯಿಸಿ ಸರಿ ಮಾಡಿದೆ. ಮರುದಿನ ಸರಿಯಾದ ಟೈಮಿಗೆ ಹೋದೆ. ಗಂಟೆ ಇನ್ನೂ ಹೊಡೆದಿರಲಿಲ್ಲ.

ಫೋರ್‌ಮನ್ ಗೇಟಿನಲ್ಲೇ ನಿಂತಿದ್ದರು. "ಏನಪ್ಪಾ, ಹೊಗಳಿದ ಕೂಡ್ಲೇ ಲೇಟಾ?"

೪. ಬಿಳಿ ಅಂಗಿ

ಒಬ್ಬ ಲಾರಿ ಮಾಲೀಕರು ದಾವಣಗೆರೆಯಿಂದ ಆಕ್ಸಲ್ ತಂದರು. ಬಿಳಿ ಅಂಗಿ, ಬಿಳಿ ಪಂಚೆ, ಇಸ್ತ್ರಿ ಮುರಿದಿಲ್ಲ. ಆಕ್ಸಲ್ಲಿನಲ್ಲಿ ಬಿರುಕು ಕಂಡಿತು. ಹೇಳಿದೆ.

"ನನ್ನ ಕಣ್ಣಿಗೇನೂ ಕಾಣ್ತಿಲ್ಲಪ್ಪಾ" ಅಂದರು.

"ಒಳಗೆ ಬರ್ರಿ. ತೋರಿಸ್ತೀನಿ."

ಪರದೆ ಎಳೆದೆ. ದೀಪ ಹಾಕಿದೆ. ಬಟ್ಟೆ ಸೋಪಿನ ಪುಡಿಯಲ್ಲಿ ಬೆಳ್ಳಗೆ ಮಾಡೋದು ಏನೋ ಇರುತ್ತೆ, ಅದು ಆ ದೀಪಕ್ಕೆ ನೀಲಿಯಾಗಿ ಉರಿಯುತ್ತೆ. ಅವರು ಆಕ್ಸಲ್ ನೋಡಲಿಲ್ಲ. ತಮ್ಮ ಎದೆ ನೋಡಿಕೊಂಡರು. ಅಂಗಿ ಹೊಳೀತಿದೆ. ಪಂಚೆ ಹೊಳೀತಿದೆ. ನಾನು ಬಾಯಿ ತೆಗೆದು ಸಮಾಧಾನ ಹೇಳೋಣ ಅಂದರೆ ನನ್ನ ಹಲ್ಲೂ ಹೊಳೀತು. ಅವರು ಎರಡು ಹೆಜ್ಜೆ ಹಿಂದೆ ಹೋದರು.

"ಮೈಯೆಲ್ಲಾ ಬಂದೈತಲ್ಲಪ್ಪಾ" ಅಂದರು ಸಣ್ಣಗೆ.

"ಅದು ಬಟ್ಟೇದು ಸಾವ್ಕಾರ್ರೇ. ಆಕ್ಸಲ್ ನೋಡ್ರಿ, ಹಸಿರು ಗೆರೆ ಐತೆ."

"ಆಕ್ಸಲ್ ಹಾಳಾಗ್ಲಿ ಬಿಡು. ನಾ ಎಷ್ಟು ದಿನ ಬರ್ತೀನಿ, ಅದು ಹೇಳು."

ಹೊರಗೆ ಕರೆತಂದು ಕೂರಿಸಿ ನೀರು ಕೊಟ್ಟೆ. ಆಕ್ಸಲ್ಲಿಗೆ ಕೆಂಪು ಬಣ್ಣ ಬಳಿದೆ. ನಮ್ಮಲ್ಲಿ ಅದೊಂದು ರೂಲಿದೆ. ಕೆಂಪು ಬಿದ್ದ ಮಾಲು ಗೇಟು ದಾಟಂಗಿಲ್ಲ, ಅಲ್ಲೇ ಕತ್ತರಿಸಿ ಗುಜರಿಗೆ ಹಾಕಬೇಕು. ಹಿಂದೆ ಒಬ್ಬರು ಬಣ್ಣ ಕೆರೆದು ಅದೇ ಆಕ್ಸಲ್ ಮತ್ತೆ ಗಾಡಿಗೆ ಹಾಕಿದ್ದರು. ದಾರಿಯಲ್ಲಿ ಮುರೀತು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಅವತ್ತು ನಮ್ಮ ಶೆಡ್ಡಿನ ಮಾಲೀಕರಿಗೆ ಹೇಳಿ ಆ ರೂಲು ಮಾಡಿಸಿದೋನು ನಾನೇ.

ಲಾರಿ ಮಾಲೀಕರು ವಾದ ಮಾಡಲಿಲ್ಲ. ಹೊಸ ಆಕ್ಸಲ್ ತಗೊಂಡು, ಉಕ್ಕಡಗಾತ್ರಿಗೆ ಒಯ್ದು ಅಜ್ಜಯ್ಯನ ಗದ್ದುಗೆ ಮುಂದೆ ಕಾಯಿ ಒಡೆಸಿ, ಆಮೇಲೆ ನಮ್ಮಲ್ಲಿಗೆ ತಂದರು. ಪಾಸಾಯಿತು. ಒಳಗೆ ಬಂದು ನೋಡ್ರಿ ಅಂದೆ.

"ಬ್ಯಾಡಪ್ಪಾ" ಅಂದರು. ಅವತ್ತು ಅವರು ಕಾಫಿ ಬಣ್ಣದ ಅಂಗಿ ಹಾಕಿದ್ದರು.

೫. ಮೂರು ಬೆರಳು

ಆಯುಧ ಪೂಜೆ ನಮ್ಮ ಶೆಡ್ಡಿನಲ್ಲಿ ಜೋರು. ಮಷಿನ್ನೆಲ್ಲಾ ತೊಳೆದು ಬಾಳೆಕಂಬ ಕಟ್ಟಿ ಕುಂಬಳಕಾಯಿ ಒಡೀತೀವಿ. ಒಂದು ವರ್ಷ ಮಾಲೀಕರ ಅವ್ವ ಬಂದಿದ್ದರು. ತುಂಬಾ ವಯಸ್ಸಾದವರು. ಮೂಲೆಯಲ್ಲಿ ನಲವತ್ತು ಟ್ರ್ಯಾಕ್ಟರ್ ಕ್ರ್ಯಾಂಕು ಸಾಲಾಗಿ ಇಟ್ಟಿದ್ವಿ, ಟೆಸ್ಟಿಂಗ್ ಆಗಿ ಹೋಗಬೇಕಾದವು. ಅವನ್ನು ಅವರು ಯಾವಾಗ ನೋಡಿದರೋ ಯಾರೂ ಗಮನಿಸಲಿಲ್ಲ.

ರಜೆ ಮುಗಿದು ಬಂದು ಕ್ರ್ಯಾಂಕು ಒರೆಸಿ ಒಂದೊಂದೇ ಹಾಕಿದೆ. ಮೊದಲನೇದರಲ್ಲಿ ಗೆರೆ. ತೆಗೆದಿಟ್ಟೆ. ಎರಡನೇದರಲ್ಲೂ ಗೆರೆ. ಹತ್ತು ಆಯಿತು, ಹದಿನೈದಾಯಿತು. ಎಲ್ಲದರಲ್ಲೂ ಹಸಿರು. ಒಂದಲ್ಲ, ಮೂರು ಮೂರು, ಪಕ್ಕಪಕ್ಕ. ಅಂಥ ಬಿರುಕು ನಾನು ಹುಟ್ಟಿದಾಗಿಂದ ನೋಡಿಲ್ಲ.

ಮಾಲೀಕರು ಬಂದು ನೋಡಿ ಸ್ಟೂಲಿನ ಮೇಲೆ ಕೂತರು. ಅಷ್ಟೂ ವಾಪಸ್ ಹೋದರೆ ಶೆಡ್ಡಿನ ಹೆಸರು ಮುಗೀತು. ಫೋರ್‌ಮನ್, ಕ್ರ್ಯಾಂಕು ಕಾಸಿ ಗಟ್ಟಿ ಮಾಡೋ ಹೀಟ್ ಟ್ರೀಟ್‌ಮೆಂಟಿನವರಿಗೆ ಫೋನ್ ಹಚ್ಚಿ ಬಯ್ಯೋಕೆ ಶುರು ಮಾಡಿದರು. ಅವರು ಕಬ್ಬಿಣ ಕೊಟ್ಟವರನ್ನು ಬೈದರಂತೆ.

ಮಧ್ಯಾಹ್ನ ನಮ್ಮಾಕೆ ಫೋನು. ದಿನಾ ಮಾಡ್ತಿದ್ದಳು, ಒಂದೇ ಮಾತಿಗೆ.

"ಉಂಡ್ರಾ?"

"ಇಲ್ಲ. ನಲವತ್ತೂ ಒಡೆದಾವೆ."

"ಹೆಂಗೆ ಕಾಣ್ತಾವೆ?"

"ಮೂರು ಗೆರೆ. ಪಕ್ಕಪಕ್ಕ."

"ಎಷ್ಟು ಅಗಲ?"

ಬೆರಳಿಟ್ಟು ನೋಡಿದೆ. "ಮೂರು ಬೆರಳು."

"ಪೂಜೆಗೆ ಅವ್ವಾರು ಬಂದಿದ್ರು ಅಂದ್ರಲ್ಲ. ಅರಿಶಿನ ಹಚ್ಯಾರೇನು ನೋಡ್ರಿ."

"ಒರೆಸೀನಿ."

"ನನ್ನ ಸೀರೆಗೆ ಬಿದ್ದ ಅರಿಶಿನ ನಾಕು ಸಲ ಒಗೆದ್ರೂ ಹೋಗಿಲ್ಲ. ನೀವು ಚಿಂದಿ ಬಟ್ಟೆಯಾಗ ಒರೆಸಿದ್ರೆ ಹೋಗ್ತೈತಾ? ಮೊದ್ಲು ಉಣ್ರಿ."

ಅರಿಶಿನ ಆ ದೀಪಕ್ಕೆ ಥೇಟ್ ನಮ್ಮ ಪುಡಿ ಹಂಗೇ ಹೊಳೆಯುತ್ತೆ ಅಂತ ನನಗೂ ಗೊತ್ತಿರಲಿಲ್ಲ, ಫೋರ್‌ಮನ್ನಿಗೂ ಗೊತ್ತಿರಲಿಲ್ಲ. ಎಲ್ಲಾ ಕ್ರ್ಯಾಂಕು ಸೋಡಾ ಹಾಕಿ ತೊಳೆದು ಮತ್ತೆ ಹಾಕಿದೆ. ಮೂವತ್ತೊಂಬತ್ತು ಪಾಸು. ಒಂದರಲ್ಲಿ ಮಾತ್ರ ನಿಜವಾಗಲೂ ಇತ್ತು.

ಸಂಜೆ ಮನೆಗೆ ಹೋಗಿ ಹೇಳಿದೆ, ನೀ ಹೇಳಿದ್ದೇ ಸರಿ ಅಂತ. ನಕ್ಕಳು. "ಹಂಗೇ ಒಂದಿನ ಹಂಚೂ ನೋಡ್ರಿ" ಅಂದಳು. ಆಯ್ತು ಅಂದೆ.

ಮಾಲೀಕರು ತಮ್ಮ ಅವ್ವಗೆ ಹೆದರಿ ಹೆದರಿ ಕೇಳಿದರಂತೆ. ಅವರು ಬೇಜಾರು ಮಾಡಿಕೊಂಡರು. "ಎಲ್ಲೂ ಒಡೀದಿರಲಿ ಅಂತ ಮೂರು ಬೆರಳು ಹಚ್ಚಿದೆ. ನೀವು ಅದನ್ನೇ ಒಡಕು ಅಂದ್ರಲ್ಲಪ್ಪಾ."

೬. ಒಂದು ಕೂದಲು

ಡಿಪ್ಲೊಮಾ ಓದಿದ ಹೆಣ್ಮಗಳೊಬ್ಬಳು ನಮ್ಮಲ್ಲಿಗೆ ಸೇರಿದಳು. ಪರೀಕ್ಷೆ ಪಾಸಾಗಿ ಸರ್ಟಿಫಿಕೇಟು ತಂದವಳು. ರಿಪೋರ್ಟಿಗೆ ಸೈನ್ ಹಾಕೋದು ಅವಳು, ಕೈಕೆಲಸ ಹೇಳಿಕೊಡೋದು ನಾನು. ನನ್ನನ್ನ ಕಾಕಾ ಅಂತಾಳೆ. ಮೊದಲ ದಿನವೇ ಒಂದು ಹೇಳಿದ್ದೆ.

"ಒಂದು ಕಡೆಯಿಂದ ನೋಡಿ ಪಾಸ್ ಅನ್ನಬ್ಯಾಡಮ್ಮ. ಅಯಸ್ಕಾಂತ ಹಿಡಿದ ದಿಕ್ಕಿಗೇ ಬಿರುಕು ಇದ್ರೆ ಪುಡಿ ಹತ್ತಲ್ಲ, ಕಾಣಲ್ಲ. ಅಡ್ಡ ತಿರುಗಿಸಿ ಇನ್ನೊಂದು ಸಲ ನೋಡು. ಆಮೇಲೆ ಹೇಳು."

ಅವಳು ಅದನ್ನು ಬುಕ್ಕಿನಲ್ಲಿ ಬರೆದುಕೊಂಡಳು.

ಒಂದು ದಿನ ದೊಡ್ಡ ಊರಿನಿಂದ ನಮ್ಮ ಟೆಸ್ಟಿಂಗ್ ತಪಾಸಣೆಗೆ ಆಡಿಟರ್ ಬಂದರು. ಇಂಗ್ಲಿಷು. ನನ್ನ ಓದು ಏನು ಅಂತ ಕೇಳಿದರು. ಏಳು ಅಂದೆ. ಅವರ ಮುಖ ಸಪ್ಪಗಾಯಿತು. ತಾವೇ ಕತ್ತಲೆ ಕೋಣೆಗೆ ಹೋಗಿ, ನಾನು ಪಾಸ್ ಮಾಡಿದ ಗೇರಿನ ಮೇಲೆ ಬಗ್ಗಿ ನೋಡಿ, ನನ್ನನ್ನು ಕರೆದರು. ಉದ್ದಕ್ಕೆ ಹಸಿರು ಗೆರೆ.

"ಇದೇನು?" ಅಂದರು. ಈಗ ಕನ್ನಡ ಬಂತು. "ಇಷ್ಟು ದೊಡ್ಡ ಕ್ರ್ಯಾಕು ಬಿಟ್ಟಿದ್ದೀರಲ್ಲ."

ಹೆಣ್ಮಗಳು ಹೆದರಿ ನನ್ನ ಕಡೆ ನೋಡಿದಳು. ನಾನು ನೋಡಿದೆ. ಬಿರುಕು ಅಷ್ಟು ವೈಯಾರವಾಗಿ ಬಾಗಲ್ಲ. ಉಗುರಿನಲ್ಲಿ ಒಂದು ತುದಿ ಹಿಡಿದು ಎತ್ತಿದೆ. ಇಡೀ ಕ್ರ್ಯಾಕು ಎದ್ದು ಬಂತು. ಅವರ ಕೈಯಲ್ಲಿಟ್ಟೆ.

"ನಿಮ್ದು ಸಾರ್. ಬಗ್ಗಿದಾಗ ಬಿತ್ತು. ನಮ್ಮ ಪುಡಿ ಎಣ್ಣೆ ಹತ್ತೈತೆ."

ಅವರು ತಲೆ ಮುಟ್ಟಿ ನೋಡಿಕೊಂಡರು. ಅಲ್ಲಿ ಉಳಿದಿದ್ದೇ ಕಮ್ಮಿ. ನಮ್ಮನ್ನು ಪಾಸ್ ಮಾಡಿ ಕೆಳಗೆ ಒಂದು ಸಾಲು ಬರೆದು ಹೋದರು, ಟೆಸ್ಟಿಂಗ್ ಕೋಣೆಗೆ ಬರೋರೆಲ್ಲಾ ಟೋಪಿ ಹಾಕಬೇಕು ಅಂತ. ರೂಲು ಎಲ್ಲರಿಗೂ ಒಂದೇ. ನಮ್ಮ ಮಾಲೀಕರ ತಲೆ ಪೂರ್ತಿ ಬೋಳು. ಅವರೂ ಹಾಕ್ತಾರೆ.

೭. ನನ್ನ ರೊಟ್ಟಿ

ನಮ್ಮಾಕೆ ಹೋದ ಮೇಲೆ ಖಾನಾವಳಿ ಊಟ. ಅಲ್ಲಿ ರೊಟ್ಟಿ ಚೆನ್ನಾಗಿರುತ್ತೆ. ಎಲ್ಲಾ ಕಡೆ ಒಂದೇ ಹದ. ಮಚ್ಚೆ ಇರಲ್ಲ. ತಟ್ಟೆ ತಿರುಗಿಸಿ ತಿರುಗಿಸಿ ಹುಡುಕ್ತಿದ್ದೆ. ಬಡಿಸೋನು ಕೇಳಿದ, "ಏನ್ ಬಿದ್ದೈತ್ರಿ?" ಏನಿಲ್ಲ ಅಂದೆ.

ಒಂದು ಭಾನುವಾರ ಹಂಚು ಇಳಿಸಿದೆ. ಶೆಡ್ಡಿಗೆ ಒಯ್ಯೋಕೆ ಧೈರ್ಯ ಇರಲಿಲ್ಲ. ಮನೆಯಲ್ಲೇ ತೀರ್ಮಾನ ಮಾಡೋಣ ಅಂದುಕೊಂಡೆ. ನಾನು ಬಡಿದ ರೊಟ್ಟಿನೂ ಅಲ್ಲೇ ಸೀದರೆ ಹಂಚಿನ ತಪ್ಪು. ಸೀಯದಿದ್ದರೆ ಅವಳ ಕೈ ತಪ್ಪು. ಸರಿಯಾದ ಟೆಸ್ಟು.

ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿದೆ. ಬೆರಳು ಸುಟ್ಟಿತು. ಬಡಿದೆ. ಮೂರು ತುಂಡಾಯಿತು. ಕೂಡಿಸಿ ಮತ್ತೆ ಬಡಿದೆ. ಆ ಸದ್ದಿಗೆ ಪಕ್ಕದ ಮನೆ ಅಮ್ಮ ಬಾಗಿಲಿಗೆ ಬಂದರು. "ಯಾರು ಬಂದಾರ್ರಿ ಊರಿಂದ? ರೊಟ್ಟಿ ಬಡಿಯೋ ಸದ್ದು ಕೇಳ್ತಲ್ಲ" ಅಂದರು. ಒಳಗೆ ನಾನು ಹಿಟ್ಟಿನ ಕೈಯಲ್ಲಿ ಕೂತಿದ್ದು ನೋಡಿದರು. ಹೋಗಿ ಒಂದು ಬಟ್ಟಲು ಪಲ್ಯ ತಂದಿಟ್ಟರು.

ಅಷ್ಟರಲ್ಲಿ ರೊಟ್ಟಿ ಸೀದಿತ್ತು. ಮಚ್ಚೆ ಎಲ್ಲಿದೆ ಅಂತ ನೋಡಿದೆ. ಎಲ್ಲಾ ಕಡೆ ಸೀದಿತ್ತು. ಹಂಗಾಗಿ ಏನೂ ತೀರ್ಮಾನ ಆಗಲಿಲ್ಲ. ಪಲ್ಯ ತಿಂದೆ.

೮. ಹಂಚು ಗೇಟು ದಾಟಿದ್ದು

ಹೋದ ಶನಿವಾರ ಹಂಚು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ತೊಡೆ ಮೇಲೆ ಇಟ್ಟುಕೊಂಡು ಕೂತೆ. ಹನ್ನೊಂದು ತಿಂಗಳಾಗಿತ್ತು, ಇನ್ನೂ ಎಷ್ಟು ದಿನ ಅಂತ ಗೂಡು ನೋಡಿಕೊಂಡು ಕೂರೋದು. ಕಂಡಕ್ಟರ್ ಪರಿಚಯದವನು. ಚೀಲ ಮುಟ್ಟಿ ನೋಡಿ, "ಹಂಚು ಎಲ್ಲಿಗ್ರಿ?" ಅಂದ.

"ತೋರ್ಸಾಕೆ."

"ಆರಾಮಿಲ್ಲೇನು?" ಅಂದ. ನನ್ನ ಮುಖ ನೋಡಿ ಮುಂದಕ್ಕೆ ಹೋದ.

ಮಧ್ಯಾಹ್ನ ಕೆಲಸ ಕಮ್ಮಿ ಆದ ಮೇಲೆ ಹಂಚನ್ನು ಕೋಣೆಗೆ ಒಯ್ದೆ. ಡಿಪ್ಲೊಮಾ ಹೆಣ್ಮಗಳು ಅಲ್ಲೇ ಇದ್ದಳು. ಅವಳಿಗೆ ಈ ಜಗಳದ ವಿಷಯ ಗೊತ್ತು. ಸೋಡಾ, ಬ್ರಶ್ಶು ತಂದಿಟ್ಟಳು.

"ಮೊದಲು ಕ್ಲೀನ್ ಮಾಡಬೇಕಲ್ಲ ಕಾಕಾ."

"ಮ್ಯಾಲೆ ಬ್ಯಾಡ. ತಳ ಅಷ್ಟೇ."

ಮೇಲಿನ ಕರಿ ಅವಳದು. ಮೂವತ್ತು ವರ್ಷ ದಿನಾ ಒರೆಸಿ ಒರೆಸಿ ಕನ್ನಡಿ ಹಂಗೆ ಮಾಡಿದ್ದಳು. ಅದನ್ನು ಉಜ್ಜೋಕೆ ನನ್ನ ಕೈಯಲ್ಲಿ ಆಗ್ತಿರಲಿಲ್ಲ. ಹಂಚು ಬೋರಲು ಹಾಕಿ ತಳದ ಮಸಿ ಮಾತ್ರ ತೆಗೆದೆ.

ಎರಡು ಕಾಲಿನ ಅಯಸ್ಕಾಂತ ಇಟ್ಟೆ. ಸ್ವಿಚ್ ಒತ್ತಿದೆ. ಎಣ್ಣೆ ಹುಯ್ದೆ. ಪರದೆ ಎಳೆದು ದೀಪ ಹಿಡಿದೆ. ಏನೂ ಇಲ್ಲ. ಕಪ್ಪಗೆ, ಸುಮ್ಮನೆ ಇತ್ತು.

"ಪಾಸ್" ಅಂದೆ.

ಗೆದ್ದೆ. ಮೂವತ್ತು ವರ್ಷದ ಜಗಳ ಗೆದ್ದೆ. ನಿಂತುಕೊಂಡೇ ಇದ್ದೆ.

"ಕಾಕಾ" ಅಂದಳು ಹೆಣ್ಮಗಳು. "ಒಂದು ಕಡೆ ಅಷ್ಟೇ ನೋಡಿದ್ರಿ."

"ಸಾಕು ಬಿಡಮ್ಮ."

"ಅಡ್ಡ ತಿರುಗಿಸಿ ನೋಡ್ರಿ."

"ಹಂಚಿಗೆ ಅಷ್ಟೆಲ್ಲಾ ಬ್ಯಾಡ."

"ಹಂಗಾದ್ರೆ ನಾ ಸೈನ್ ಹಾಕಲ್ಲ. ನೀವೇ ಬರೆಸಿದ್ದು, ನನ್ನ ಬುಕ್ಕಿನಾಗೈತೆ. ತರ್ಲಾ?"

ಅಯಸ್ಕಾಂತ ಅಡ್ಡ ತಿರುಗಿಸಿದೆ. ಒತ್ತಿದೆ. ಎಣ್ಣೆ ಹರಿಯಿತು. ಪುಡಿ ನಿಧಾನಕ್ಕೆ ಸರಿದು ಸಾಲಾಗಿ ನಿಂತುಕೊಂಡಿತು. ಅಂಚಿನಿಂದ ಒಳಕ್ಕೆ ನಾಲ್ಕು ಬೆರಳು. ಹಸಿರು. ದಿನಾ ರೊಟ್ಟಿ ಸೀಯ್ತಿದ್ದ ಜಾಗ.

ನನ್ನ ಕೆಲಸದಲ್ಲಿ ಎಷ್ಟೋ ಗೆರೆ ನೋಡಿದ್ದೀನಿ. ಇಷ್ಟು ಸ್ಪಷ್ಟವಾದದ್ದು ನೋಡಿಲ್ಲ. ಬಹಳ ಹೊತ್ತು ನೋಡಿದೆ. ಅವಳ ಕೈಯಲ್ಲಿ ಏನೂ ತಪ್ಪಿರಲಿಲ್ಲ.

ಹೆಣ್ಮಗಳು ಅಭ್ಯಾಸಬಲದಿಂದ ಕೆಂಪು ಬಣ್ಣದ ಡಬ್ಬಿ ಎತ್ತಿದಳು. ಬ್ರಶ್ಶು ಅದ್ದಿದ ಮೇಲೆ ಅವಳಿಗೆ ಹೊಳೀತು. ಹಂಗೇ ನಿಂತಳು. ಹಂಚು ರಿಜೆಕ್ಟ್. ಕೆಂಪು ಬಿದ್ದರೆ ಗೇಟು ದಾಟಂಗಿಲ್ಲ. ಕತ್ತರಿಸಿ ಗುಜರಿಗೆ. ನಾನು ಎರಡೂ ಕೈ ಹಂಚಿನ ಮೇಲೆ ಇಟ್ಟೆ.

ಅಷ್ಟರಲ್ಲಿ ಮಾಲೀಕರು ಟೋಪಿ ಹಾಕಿಕೊಂಡು ಒಳಗೆ ಬಂದರು. "ಏನ್ ಮೇಸ್ತ್ರಿ, ಕ್ಯಾಂಟೀನ್ ಶುರು ಮಾಡಿದೆಯಾ?"

ಹೆಣ್ಮಗಳು ಎಲ್ಲಾ ಹೇಳಿದಳು. ಅವರು ಬಗ್ಗಿ ಗೆರೆ ನೋಡಿದರು. ನನ್ನ ಕೈ ನೋಡಿದರು.

"ರೂಲು ಮಾಡಿಸಿದೋನು ನೀನೇ. ಈಗ ಏನಂತೀಯಾ?"

"ರೂಲು ರೂಲೇ" ಅಂದೆ. ಕೈ ಮಾತ್ರ ತೆಗೆಯಲಿಲ್ಲ.

ಅವರು ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡರು. ಗೇಟ್ ಪಾಸ್ ಬುಕ್ಕು ತರಿಸಿ ತಾವೇ ಬರೆದರು. ಜೋರಾಗಿ ಓದಿಕೊಂಡೇ ಬರೆದರು. "ಹಂಚು, ಒಂದು. ರೊಟ್ಟಿಗೆ ಮಾತ್ರ. ಲಾರಿಗೆ ಹಾಕತಕ್ಕದ್ದಲ್ಲ."

ಹೆಣ್ಮಗಳು ಮುಖ ತಿರುಗಿಸಿ ನಕ್ಕಳು. ಬಣ್ಣದ ಡಬ್ಬಿ ಮುಚ್ಚಿದಳು. ಅವಳು ಕೆಲಸದಲ್ಲಿ ಬಲು ಖಡಕ್. ರಿಪೋರ್ಟ್ ಮಾತ್ರ ಬರೀಲೇಬೇಕು ಅಂದಳು. ಮಾಲೀಕರು ಅದನ್ನೂ ಈಸಿಕೊಂಡರು. ಮಾಲು, ಹಂಚು. ದೋಷ, ಬಿರುಕು, ನಾಲ್ಕು ಬೆರಳು. ದೋಷ ಕಂಡುಹಿಡಿದವರು ಅಂತ ಒಂದು ಸಾಲಿದೆ. ಅಲ್ಲಿ ನನ್ನ ಹೆಸರು ಬರೆಯೋಕೆ ಹೊರಟರು.

"ನಾನಲ್ಲ" ಅಂದೆ. "ನಮ್ಮಾಕೆ."

"ಯಾವಾಗ?"

"ತಂದ ದಿನಾನೇ."

"ಏನಿಟ್ಟು ನೋಡಿದ್ರು?"

ಹಂಚು ಎತ್ತಿದೆ. ಎರಡು ಬೆರಳಲ್ಲಿ ಕಿವಿ ಹಿಡಿದು, ಅವಳು ಬಡಿದ ಹಂಗೇ ಗಿಣ್ಣಿನಿಂದ ಬಡಿದೆ. ಡಡ್ ಅಂತು. ಮೂವತ್ತು ವರ್ಷಕ್ಕೆ ನನಗೂ ಕೇಳಿಸ್ತು.

ಮಾಲೀಕರು ಟೋಪಿ ತೆಗೆದರು. ಆ ಸಾಲಿನಲ್ಲಿ ಅವಳ ಹೆಸರು ಕೇಳಿ, ನಿಧಾನಕ್ಕೆ ಬರೆದರು. ಕೆಳಗೆ ತಾವೇ ಸೈನ್ ಹಾಕಿ ಹಾಳೆ ನನ್ನ ಕೈಗೆ ಕೊಟ್ಟರು.

"ಮೂವತ್ತೊಂದು ವರ್ಷ ಆಯ್ತು ಮೇಸ್ತ್ರಿ" ಅಂದರು. "ನಿಮ್ಮ ಮನೆಯಿಂದ ನಾವು ಕೆಲಸಕ್ಕೆ ಕರೆಸಿಕೊಂಡಿದ್ದು ತಪ್ಪು ಮನುಷ್ಯನ್ನ ನೋಡು."